ಬ್ಲ್ಯಾಕ್‌ಮೋರ್ ಇಲ್ಲದ ಡೀಪ್ ಪರ್ಪಲ್: 'ಕಮ್ ಟೇಸ್ಟ್ ದ ಬ್ಯಾಂಡ್' ಕೇಳಬೇಕಾ, ಬಿಡಬೇಕಾ?

ಬಿಸಿಲೂರ_ಹುಡುಗ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಮನೆಗೆ ಸುಣ್ಣ ಹಚ್ಚುವಾಗ ನಮ್ಮ ಕಾಕಾನ ಹಳೆ ಟ್ರಂಕ್ ಇಳಿಸಿದೆವು. ಒಳಗೆ ಒಂದು ಮೂವತ್ತು ಕ್ಯಾಸೆಟ್ ಸಿಕ್ಕವು. ಅರ್ಧ ಭಜನೆ, ಖವ್ವಾಲಿ. ಉಳಿದದ್ದು ಇಂಗ್ಲಿಷ್ ರಾಕ್. ಕಾಕಾ ಹೈದರಾಬಾದಿನಲ್ಲಿ ಓದುವಾಗ ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಕೊಂಡದ್ದಂತೆ.

ಡೀಪ್ ಪರ್ಪಲ್ ಅನ್ನೋ ಬ್ರಿಟಿಷ್ ರಾಕ್ ತಂಡ ಅಂದ್ರೆ ನನಗೆ 'ಸ್ಮೋಕ್ ಆನ್ ದ ವಾಟರ್' ಹಾಡು ಅಷ್ಟೇ ಗೊತ್ತಿತ್ತು. ಈ ಟ್ರಂಕಿನಲ್ಲಿ ಇದ್ದದ್ದು ಅವರ 1975ರ ಆಲ್ಬಂ 'ಕಮ್ ಟೇಸ್ಟ್ ದ ಬ್ಯಾಂಡ್'. ಹಾಕಿ ಕೇಳಿದೆ. ಮೊದಲ ಹಾಡು ಧಡಧಡ ಓಡುತ್ತದೆ, ಸರಿ. ಮೂರನೆಯದು ಬಂದಾಗ ಬೇರೆ ಯಾವುದೋ ತಂಡದ ಕ್ಯಾಸೆಟ್ ಇದರ ಡಬ್ಬಿಯಲ್ಲಿ ಸೇರಿದೆಯಾ ಅಂತ ತೆಗೆದು ನೋಡಿದೆ, ಯಾಕಂದ್ರೆ ಅದು ಕುಣಿಯುವ ಹಾಡು, ಹಾಡುವವನ ದನಿಯೂ ಬೇರೆ. ಕ್ಯಾಸೆಟ್ ಮಾತ್ರ ಅದೇ. ಬಿ ಸೈಡಿನ ಕೊನೆಗೆ ಏನೋ ಗೊರಗೊರ ಅಂತು, ನಾನು ನಿಲ್ಲಿಸಿಬಿಟ್ಟೆ. ಟೇಪ್ ಸುತ್ತಿಕೊಂಡರೆ ಮತ್ತೆ ಪೆನ್ಸಿಲ್ ಹಿಡಿದು ಕೂರಬೇಕಲ್ಲ.

ನನಗೆ ಹಿಡಿಸಿತು ಅಂತ ಆಫೀಸಿನ ಗೆಳೆಯನಿಗೆ ಹೇಳಿದರೆ ಅವನು ನಕ್ಕ. "ಬ್ಲ್ಯಾಕ್‌ಮೋರ್ ಇಲ್ಲ ಅಂದ ಮೇಲೆ ಅದು ಡೀಪ್ ಪರ್ಪಲ್ಲೇ ಅಲ್ಲ" ಅಂದ. ಹಾಗಾದ್ರೆ ನಾನು ಕೇಳಿದ್ದು ಏನು? ಯಾರು ಬಿಟ್ಟರು, ಯಾರು ಬಂದರು, ಸ್ವಲ್ಪ ಬಿಡಿಸಿ ಹೇಳ್ತೀರಾ?

ತೊಗರಿ_ಕಣಜ (ಕಲಬುರಗಿ)

ನಿಮ್ಮ ಗೆಳೆಯ ಹೇಳಿದ್ದು ಸರಿ. ಗಿಟಾರ್ ಬಾರಿಸುತ್ತಿದ್ದ ರಿಚಿ ಬ್ಲ್ಯಾಕ್‌ಮೋರ್ ಅಂದ್ರೆ ಆ ತಂಡದ ಬೆನ್ನೆಲುಬು. 'ಮೆಷಿನ್ ಹೆಡ್' ಕೇಳಿ, 'ಮೇಡ್ ಇನ್ ಜಪಾನ್' ಕೇಳಿ. ಎರಡೂ 1972ರ ಆಲ್ಬಂಗಳು. ಅಲ್ಲಿಗೆ ಮುಗಿಯಿತು.

ಆ ಹೊಸ ಗಿಟಾರ್ ಹುಡುಗ ಟಾಮಿ ಬೋಲಿನ್‌ನ ಲೈವ್ ನಾನು ಕೇಳಿದ್ದೇನೆ, ಜಪಾನಿನದು. ಕೈಯೇ ಆಡುವುದಿಲ್ಲ ಅವನಿಗೆ. ಅಂಥವನನ್ನು ಬ್ಲ್ಯಾಕ್‌ಮೋರ್ ಜಾಗದಲ್ಲಿ ಕೂರಿಸಿದ್ದು ತಹರಿ ಮಾಡ್ತೀನಿ ಅಂತ ಹೇಳಿ ಚಿತ್ರಾನ್ನ ಬಡಿಸಿದ ಹಾಗೆ.

ಬೀದರ್_ಬಾಸ್ (ಬೀದರ್)

ತೊಗರಿ ಅಣ್ಣಾ, ಚಿತ್ರಾನ್ನ ಏನು ತಪ್ಪು ಮಾಡಿದೆ?

ತಮ್ಮಾ, ನಾನು ಹೇಳ್ತೀನಿ ಕೇಳು. ನಾನು ಹವ್ಯಾಸಕ್ಕೆ ಬಾಸ್ ಗಿಟಾರ್ ಬಾರಿಸುವವನು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಈ ತಂಡದಲ್ಲಿ ಜನ ಬದಲಾಗಿದ್ದು ಒಂದು ಸಲ ಅಲ್ಲ. ಅಭಿಮಾನಿಗಳು ಮಾರ್ಕ್ ಒಂದು, ಎರಡು, ಮೂರು ಅಂತ ಲೆಕ್ಕ ಇಡುತ್ತಾರೆ, ಟ್ರ್ಯಾಕ್ಟರ್ ಮಾಡೆಲ್ ಹಾಗೆ. ನಿನಗೆ ಗೊತ್ತಿರುವ 'ಸ್ಮೋಕ್ ಆನ್ ದ ವಾಟರ್' ಮಾರ್ಕ್ ಎರಡರದು. 1973ರಲ್ಲಿ ಆ ಹಾಡುಗಾರ ಇಯಾನ್ ಗಿಲ್ಲನ್ ಬಿಟ್ಟ, ಬಾಸ್ ಬಾರಿಸುತ್ತಿದ್ದ ರೋಜರ್ ಗ್ಲೋವರ್ ಕೂಡ ಹೋದ. ಅವರ ಜಾಗಕ್ಕೆ ಬಂದವರು ಡೇವಿಡ್ ಕವರ್‌ಡೇಲ್ ಮತ್ತು ಗ್ಲೆನ್ ಹ್ಯೂಸ್. ಕವರ್‌ಡೇಲ್ ಆಗ ಯಾರಿಗೂ ಗೊತ್ತಿಲ್ಲದವನು, ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹ್ಯೂಸ್ ಟ್ರೆಪೀಜ್ ಅನ್ನೋ ತಂಡದಿಂದ ಬಂದವನು, ಬಾಸೂ ಬಾರಿಸುತ್ತಾನೆ, ಹಾಡುತ್ತಾನೆ ಕೂಡ. ನೀನು ಡಬ್ಬಿ ತೆಗೆದು ನೋಡಿದೆಯಲ್ಲ, ಆ ಮೂರನೇ ಹಾಡು 'ಗೆಟಿನ್ ಟೈಟರ್', ಅದರಲ್ಲಿ ಹಾಡಿರುವುದು ಈ ಹ್ಯೂಸ್. ದನಿ ಬೇರೆ ಅನ್ನಿಸಿದ್ದು ಅದಕ್ಕೇ.

ಇವರಿಬ್ಬರು ಬಂದ ಮೇಲೆ 1974ರಲ್ಲಿ ಎರಡು ಆಲ್ಬಂ, 'ಬರ್ನ್' ಮತ್ತು 'ಸ್ಟಾರ್ಮ್‌ಬ್ರಿಂಗರ್'. ಎರಡನೆಯದರ ಹೊತ್ತಿಗೆ ಹ್ಯೂಸ್‌ನ ಫಂಕ್, ಸೋಲ್ ಅನ್ನೋ ಕುಣಿಸುವ ಅಮೆರಿಕನ್ ಸಂಗೀತದ ರುಚಿ ಜಾಸ್ತಿ ಆಯಿತು. ಬ್ಲ್ಯಾಕ್‌ಮೋರ್‌ಗೆ ಅದು ಆಗಿಬರಲಿಲ್ಲ. 1975ರಲ್ಲಿ ಬಿಟ್ಟು ಹೋಗಿ ರೇನ್‌ಬೋ ಅನ್ನೋ ಬೇರೆ ತಂಡ ಕಟ್ಟಿದ. ಅಂದ್ರೆ ನೋಡು, ತಂಡ ಬದಲಾಗಿದ್ದು ಅವನು ಹೋದ ಮೇಲೆ ಅಲ್ಲ. ಬದಲಾಗುತ್ತಿತ್ತು, ಅದಕ್ಕೇ ಅವನು ಹೋದ. ನಮ್ಮ ತೊಗರಿ ಅಣ್ಣ ಇದನ್ನು ಉಲ್ಟಾ ಹಿಡಿದಿದ್ದಾರೆ ಅಷ್ಟೇ.

ಇನ್ನು ಬೋಲಿನ್. ಅಮೆರಿಕದ ಹುಡುಗ, ಆಗ 24 ವರ್ಷ. ಅದಕ್ಕೆ ಮೊದಲು ಜೇಮ್ಸ್ ಗ್ಯಾಂಗ್ ಅನ್ನೋ ತಂಡದಲ್ಲಿದ್ದ. ಡ್ರಮ್ಮರ್ ಬಿಲ್ಲಿ ಕಾಭಮ್‌ನ 1973ರ 'ಸ್ಪೆಕ್ಟ್ರಮ್' ಆಲ್ಬಮ್ಮಿನಲ್ಲಿ ಗಿಟಾರ್ ಬಾರಿಸಿದವನು ಇವನೇ. ಜಾಝ್ ಜನರ ನಡುವೆ ಕೂತು ಬೆವರಿಳಿಸಿದವನಿಗೆ ಕೈ ಆಡುವುದಿಲ್ಲವಾ? ಅಣ್ಣಾ, ನೀವು ಕೇಳಿದ್ದು 1975ರ ಡಿಸೆಂಬರಿನ ಟೋಕಿಯೊ ಕಛೇರಿ. ಅವತ್ತು ಅವನ ಎಡಗೈ ನಿಜವಾಗಿಯೂ ಕೆಲಸ ಮಾಡುತ್ತಿರಲಿಲ್ಲ, ಮಾದಕ ದ್ರವ್ಯದ ಚಟದಿಂದ ಆದದ್ದು. ಗಿಟಾರಿನ ಎಷ್ಟೋ ಜಾಗವನ್ನು ತಂಡದ ಕೀಬೋರ್ಡ್ ವಾದಕ ಜಾನ್ ಲಾರ್ಡ್ ಆರ್ಗನ್ನಿನಲ್ಲಿ ತುಂಬಿದ್ದಾನೆ. ಅವನ ಕೆಟ್ಟ ದಿನವನ್ನೇ ರೆಕಾರ್ಡ್ ಮಾಡಿ ಮಾರಿದರು. ಆ ಒಂದು ರಾತ್ರಿ ನೋಡಿ ಮನುಷ್ಯನನ್ನು ತೂಗಬೇಡಿ.

ಜರ್ಮನಿಯ ಮ್ಯೂನಿಕ್‌ನಲ್ಲಿ ಈ ಆಲ್ಬಂ ಮಾಡುವಾಗ ಅವನು ಚೆನ್ನಾಗಿಯೇ ಇದ್ದ. ಮೊದಲ ಹಾಡು 'ಕಮಿನ್ ಹೋಮ್' ಇದೆಯಲ್ಲ, ಅದರಲ್ಲಿ ಬಾಸ್ ಕೂಡ ಅವನದೇ. ನಾನು ಎಷ್ಟೋ ತಿಂಗಳು ಅದು ಹ್ಯೂಸ್ ಅಂದುಕೊಂಡೇ ಪ್ರಾಕ್ಟೀಸ್ ಮಾಡಿದ್ದೆ, ಗೊತ್ತಾದಾಗ ನಾಚಿಕೆ ಆಯ್ತು.

ತೊಗರಿ_ಕಣಜ

ಕೈ ವಿಷಯ ನನಗೆ ಗೊತ್ತಿರಲಿಲ್ಲ. ಆ ಮಾತು ವಾಪಸ್ ತಗೊಂಡೆ. ಆದರೂ ಹೆಸರು ಬದಲಾಯಿಸಬೇಕಿತ್ತು ಅನ್ನೋದು ನನ್ನ ವಾದ. ಬೋರ್ಡ್ ಹಳೇದು, ಒಳಗೆ ಅಡುಗೆಯವರು ಹೊಸಬರು ಅಂದ್ರೆ ಗಿರಾಕಿ ಸಿಟ್ಟಾಗುವುದಿಲ್ಲವಾ? ಕಛೇರಿಯಲ್ಲಿ ಜನ ಹಳೇ ಗಿಟಾರ್ ಬೇಕು ಅಂತ ಕೂಗಿದ್ದು ಸುಮ್ನೆ ಅಲ್ಲ. ಆ ಹುಡುಗನಿಗೂ ಅದರಿಂದ ಅನ್ಯಾಯವೇ ಆಯಿತು. ಹಳೇ ಹಾಡು ಬಾರಿಸಿದರೆ ಬ್ಲ್ಯಾಕ್‌ಮೋರ್ ಹಾಗಿಲ್ಲ ಅಂತಾರೆ, ತನ್ನದು ಬಾರಿಸಿದರೆ ಇದು ಪರ್ಪಲ್ ಅಲ್ಲ ಅಂತಾರೆ.

ಬೀದರ್_ಬಾಸ್

ಇದು ಮಾತು. ಇದನ್ನು ಒಪ್ಪುತ್ತೇನೆ. ಜಾನ್ ಲಾರ್ಡ್ ಕೂಡ ಮುಂದೆ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದು, ಆಲ್ಬಂ ಒಳ್ಳೇದು, ಆದರೆ ಡೀಪ್ ಪರ್ಪಲ್ ಆಲ್ಬಂ ಅಲ್ಲ ಅಂತ.

ಪೇಟಿ_ಮಾಸ್ತರ (ಯಾದಗಿರಿ)

ನನಗೆ ರಾಕ್ ಅಷ್ಟು ತಿಳಿಯುವುದಿಲ್ಲ, ಮಗ ಹಾಕಿದಾಗ ಕಿವಿಗೆ ಬೀಳುತ್ತದೆ. ಆದರೆ ನಾನು ಭಜನಾ ಮೇಳದಲ್ಲಿ ಪೇಟಿ (ಹಾರ್ಮೋನಿಯಂ) ನುಡಿಸುವವನು. ನಮ್ಮ ಮೇಳದಲ್ಲಿ ಮುಂದೆ ಹಾಡುವವರು ಮೂರು ಸಲ ಬದಲಾದರು. ಒಬ್ಬರು ತೀರಿಕೊಂಡರು, ಒಬ್ಬರು ಪುಣೆಗೆ ದುಡಿಯಲು ಹೋದರು. ಪ್ರತಿ ಸಲ ಊರವರು ಮೇಳ ಮುಗೀತು ಅಂದರು. ಆದರೆ ತಬಲಾ ಅವರದೇ ಇದ್ದರೆ ನಡಿಗೆ ಉಳಿಯುತ್ತದೆ ನೋಡ್ರಿ. ಹಾಡು ಬೇರೆ ಆಗಬಹುದು, ನಡಿಗೆ ಅದೇ.

ಈ ತಂಡದಲ್ಲೂ ಹಾಗೆ. ಡ್ರಮ್ ಬಾರಿಸುವ ಇಯಾನ್ ಪೇಸ್ ಒಬ್ಬರೇ 1968ರಿಂದ ಎಲ್ಲ ಮಾರ್ಕುಗಳಲ್ಲೂ ಇರುವವರು ಅಂತ ಮಗ ಹೇಳಿದ. ಈ ಥ್ರೆಡ್ ನೋಡಿ ಅವನ ಹತ್ತಿರ ಆಲ್ಬಂ ಹಾಕಿಸಿಕೊಂಡು ಕೇಳಿದೆ. ಗಿಟಾರ್ ಎಲ್ಲಿಗೆ ಹೋದರೂ ಆ ಮನುಷ್ಯ ಕೈ ಬಿಟ್ಟಿಲ್ಲ.

ಒಂದೇ ಬೇಜಾರು. ಆರ್ಗನ್ನು ಬಹಳ ಹಿಂದೆ ಸರಿದಿದೆ. 'ಮೇಡ್ ಇನ್ ಜಪಾನ್'ನಲ್ಲಿ ಲಾರ್ಡ್ ಅವರು ಗಿಟಾರಿನ ಜೊತೆ ಜಗಳಕ್ಕೆ ನಿಂತ ಹಾಗೆ ನುಡಿಸುತ್ತಾರೆ, ಇಲ್ಲಿ ಮನೆಗೆ ಬಂದ ಬೀಗರ ಹಾಗೆ ಗೋಡೆಗೆ ಒರಗಿ ಕೂತಿದ್ದಾರೆ. ಬಿ ಸೈಡಿನ 'ದಿಸ್ ಟೈಮ್ ಅರೌಂಡ್'ನಲ್ಲಿ ಮಾತ್ರ ಅವರ ಕೀಬೋರ್ಡು ಮತ್ತು ಹ್ಯೂಸ್ ದನಿ, ಅಷ್ಟೇ. ಅದನ್ನು ಎರಡು ಸಲ ಕೇಳಿದೆ. ಪೇಟಿಯಲ್ಲಿ ಹಿಡಿಯಲು ನೋಡಿದೆ, ಸುರಗಳ ನಡುವಿನ ಜಾರು ಪೇಟಿಯಲ್ಲಿ ಬರುವುದಿಲ್ಲ.

ಬೀದರ್_ಬಾಸ್

ಮಾಸ್ತರ್ರೇ, ಅದರ ನಂತರದ್ದನ್ನೂ ಕೇಳಿದಿರಾ? ಕೊನೆಯ ಹಾಡು 'ಯೂ ಕೀಪ್ ಆನ್ ಮೂವಿಂಗ್'. ಬಾಸ್ ಒಂದೇ ನಿಧಾನಕ್ಕೆ ನಡೆದು ಬರುತ್ತದೆ, ಆಮೇಲೆ ಕವರ್‌ಡೇಲ್, ಹ್ಯೂಸ್ ಇಬ್ಬರೂ ಸೇರಿ ಹಾಡುತ್ತಾರೆ. ಬೋಲಿನ್ ಬರುವ ಮೊದಲೇ ಅವರಿಬ್ಬರು ಬರೆದಿಟ್ಟ ಹಾಡು ಅದು. ತಂಡ 1976ರ ಮಾರ್ಚಿನಲ್ಲಿ ಲಿವರ್‌ಪೂಲ್ ಕಛೇರಿಯೊಂದಿಗೆ ಮುರಿಯಿತು. ಅದೇ ಡಿಸೆಂಬರಿನಲ್ಲಿ ಮಯಾಮಿಯಲ್ಲಿ ಬೋಲಿನ್ ತೀರಿಕೊಂಡ, 25 ವರ್ಷ. ಬೋಲಿನ್ ಇದ್ದ ಈ ಮಾರ್ಕ್ ನಾಲ್ಕಕ್ಕೆ ಸ್ಟುಡಿಯೋ ಆಲ್ಬಂ ಅಂತ ಇರುವುದು ಇದೊಂದೇ.

ತಮ್ಮಾ, ನೀನು ಆ ಕೊನೆಯ ಹಾಡಿನ ಬಗ್ಗೆ ಏನೂ ಹೇಳಲೇ ಇಲ್ಲ?

ಬಿಸಿಲೂರ_ಹುಡುಗ

ಅಣ್ಣಾ, ಆ ಹಾಡು ನನ್ನ ಕ್ಯಾಸೆಟ್ಟಿನಲ್ಲಿ ಇಲ್ಲವೇ ಇಲ್ಲ!

ನೀವು ಹೇಳಿದ ಮೇಲೆ ಇವತ್ತು ಮತ್ತೆ ಹಾಕಿ, ಆ ಗೊರಗೊರ ದಾಟಿ ಮುಂದೆ ಬಿಟ್ಟೆ. ಬಾಸ್ ಶುರುವಾಗುತ್ತದೆ, ಅರ್ಧ ನಿಮಿಷ ಆಗುವಷ್ಟರಲ್ಲಿ ಟಕ್ ಅಂತ ಕಡಿದು ಹೆಂಗಸರು ಸೋಬಾನೆ ಹಾಡುತ್ತಿದ್ದಾರೆ. ಕ್ಯಾಸೆಟ್ ತೆಗೆದು ನೋಡಿದರೆ ಮೇಲಿನ ತೂತಿಗೆ ಗಮ್ ಟೇಪ್ ಹಚ್ಚಿದೆ; ಆ ತೂತು ಮುಚ್ಚಿದರೆ ಕ್ಯಾಸೆಟ್ ಮೇಲೆ ಮತ್ತೆ ರೆಕಾರ್ಡ್ ಮಾಡಬಹುದು. ಕಾಕಾನಿಗೆ ಫೋನ್ ಮಾಡಿದೆ. ನಮ್ಮ ಅತ್ತೆಯ ಮದುವೆಯಲ್ಲಿ ಖಾಲಿ ಕ್ಯಾಸೆಟ್ ಸಿಗದೆ, ಹೇಗೂ ಈ ಆಲ್ಬಂ ಯಾರಿಗೂ ಬೇಡ, ಬ್ಲ್ಯಾಕ್‌ಮೋರ್ ಇಲ್ಲವಲ್ಲ ಅಂತ ಇದರ ಮೇಲೇ ರೆಕಾರ್ಡ್ ಮಾಡಿದೆ ಅಂದ. ಮುಂದೆ ಹಾಡುತ್ತಿರುವವಳು ನಮ್ಮ ಅಜ್ಜಿ. ಅವಳ ದನಿ ನಾನು ಕೇಳಿದ್ದು ಇದೇ ಮೊದಲು.

ತೊಗರಿ ಅಣ್ಣಾ, ನೀವು ಮತ್ತು ನಮ್ಮ ಕಾಕಾ ಒಂದೇ ಪಾರ್ಟಿ. ಉಳಿದ ಹಾಡನ್ನು ಮೊಬೈಲಿನಲ್ಲಿ ಕೇಳುತ್ತೇನೆ.

ತೊಗರಿ_ಕಣಜ

ಕಾಕಾನಿಗೆ ನನ್ನ ನಮಸ್ಕಾರ ಹೇಳು. ಗಮ್ ಟೇಪ್ ಮೊದಲು ಕಿತ್ತು ಹಾಕು, ಅಜ್ಜಿಯ ಮೇಲೆ ಮತ್ತಿನ್ನೇನೋ ರೆಕಾರ್ಡ್ ಆಗದಿರಲಿ.