ಪದ ಬೇಕು (ತುರ್ತು): ‘ಬಾಂಬರ್’, ‘ಬಂಕರ್ ಬಸ್ಟರ್’

ಬೀದರ್‌ನಿಂದ:
ಎಲ್ಲರಿಗೂ ನಮಸ್ಕಾರ. ಕಾಲೇಜಿನ ವಿಜ್ಞಾನ ಮೇಳಕ್ಕೆ ಒಂದು ಫಲಕ ಆಗಬೇಕು. ಪೇಂಟರ್ ಬಂದು ಕೂತಿದ್ದಾನೆ. ‘ಬಾಂಬರ್’ ವಿಮಾನಕ್ಕೂ, ನೆಲದಡಿಯ ಬಂಕರ್ ಒಡೆಯುವ ಬಾಂಬ್ ‘ಬಂಕರ್ ಬಸ್ಟರ್’ಗೂ ಕನ್ನಡ ಪದ ಹೇಳಿ. ವಿಷಯ, 2025ರ ಜೂನ್ 22ರಂದು ಅಮೆರಿಕ ಇರಾನಿನ ಫೋರ್ಡೊ, ನತಾಂಝ್ ಪರಮಾಣು ಕೇಂದ್ರಗಳ ಮೇಲೆ ಮಾಡಿದ ದಾಳಿ. ಪೇಪರಿನವರು ಅಲ್ಲಿ ಬಾಂಬ್ ಹಾಕಿದ ಬಿ-2 ವಿಮಾನಕ್ಕೆ ‘ಯುದ್ಧವಿಮಾನ’ ಅಂತ ಬರೆದರು. 1981ರಲ್ಲಿ ಇಸ್ರೇಲ್ ಇರಾಕಿನ ಒಸಿರಾಕ್ ಪರಮಾಣು ಸ್ಥಾವರ ಕೆಡವಲು ಬಳಸಿದ ಎಫ್-16ಗೂ ಅದೇ ಹೆಸರು. ಎಫ್-16 ಫೈಟರ್, ಬಿ-2 ಬಾಂಬರ್. ನಮ್ಮೂರಲ್ಲಿ ದಿನಾ ತಲೆ ಮೇಲೆ ವಾಯುಪಡೆಯ ಹಾಕ್ ತರಬೇತಿ ವಿಮಾನಗಳು ಹಾರುತ್ತವೆ, ಹುಡುಗರು ವ್ಯತ್ಯಾಸ ಕೇಳದೆ ಬಿಡುವುದಿಲ್ಲ.

ಕಲಬುರಗಿಯಿಂದ:
ಬಂಕರ್‌ಗೆ ನಮ್ಮಲ್ಲಿ ಹಗೇವು ಇದೆಯಲ್ಲ! ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದ ನೆಲದೊಳಗಿನ ಕಣಜ. (ವೈರಿ ಅನ್ನುವ ‘ಹಗೆ’ ಬೇರೆ, ಗೊಂದಲ ಬೇಡ.) ಫೋರ್ಡೊದಲ್ಲಿ ಗಾಳಿಕಿಂಡಿಗಳಿಗೇ ಗುರಿಯಿಟ್ಟು ಬಾಂಬ್ ಹಾಕಿದೆವು ಎಂದು ಅಮೆರಿಕದ ಸೇನೆಯೇ ಹೇಳಿದೆ. ಹಗೇವಿನ ಬಾಯಿ ಅಂದರೆ ಅದೇ ಅಲ್ವಾ? ‘ಹಗೇವೊಡಕ’ ಎಂದು ಬರೆಸಿ. ಬಾಂಬರ್‌ಗೆ ‘ಸಿಡಿಗುಂಡಿನ ಬಾನೋಡ’. ಇಂಗ್ಲಿಷಿನ ಎಂಜಲು ಸಾಕು.

ಯಾದಗಿರಿಯಿಂದ:
ಬಾನೋಡ ಅಂದರೆ ಏನೆಂದು ಹೇಳಲು ಇನ್ನೊಂದು ಫಲಕ ಬೇಕು. ಹಗೇವು ಸಲಿಕೆ ಹಿಡಿದು ತೋಡಿದ ಗುಂಡಿ. ಫೋರ್ಡೊ ಇರುವುದು ಬೆಟ್ಟದ ಹೊಟ್ಟೆಯಲ್ಲಿ. ಅದಕ್ಕೇ ಒಂದೊಂದೂ ಸುಮಾರು 13,600 ಕಿಲೊ ತೂಗುವ ಬಾಂಬ್ ಬೇಕಾಯಿತು. ಫೈಟರ್ ಅದನ್ನು ಹೊರಲಾರದು, ಬಿ-2 ಕೂಡ ಹೊರುವುದು ಎರಡೇ. ಏಳು ವಿಮಾನ, 14 ಬಾಂಬ್: ಫೋರ್ಡೊಗೆ 12, ನತಾಂಝ್‌ಗೆ ಎರಡು. ಈ ಲೆಕ್ಕ ಬರೆಸಿ, ವ್ಯತ್ಯಾಸ ತಾನೇ ತಿಳಿಯುತ್ತದೆ. ಪದ ‘ಬಾಂಬರ್’ ಅಂತಲೇ ಇರಲಿ. ಮತ್ತೆ, ಸುಮ್ನೆ ‘ಅಣ್ವಸ್ತ್ರ ನೆಲೆ’ ಅಂತ ಬರೆಸಿಬಿಡಬೇಡಿ. ಅವೆರಡೂ ಯುರೇನಿಯಂ ಸಂವರ್ಧನಾ ಘಟಕಗಳು, ಅಂದರೆ ಯುರೇನಿಯಂನಲ್ಲಿ ಇಂಧನಕ್ಕೆ ಒದಗುವ ಪಾಲನ್ನು ಹೆಚ್ಚಿಸುವ ಜಾಗ. ಅಲ್ಲಿ ಬಾಂಬ್ ಜೋಡಿಸಿಟ್ಟಿರಲಿಲ್ಲ. ‘ಸ್ಥಾವರ’ ಅಂದರೆ ಜನ ಕರೆಂಟ್ ತಯಾರಿಸುವ ಕೈಗಾ ನೆನೆಯುತ್ತಾರೆ, ಅದೂ ಬೇಡ.

ಕಲಬುರಗಿಯಿಂದ:
ಬಾಂಬರ್, ಯುರೇನಿಯಂ, ಸಂವರ್ಧನಾ, ಘಟಕ. ಇದರಲ್ಲಿ ಕನ್ನಡ ಎಲ್ಲಿದೆ ಸ್ವಾಮಿ?

ಯಾದಗಿರಿಯಿಂದ:
ನಿಮ್ಮ ಕೋಟೆಯ ಫಿರಂಗಿ ‘ಬಾರಾ ಗಜಿ ತೋಪು’, ಅದರ ಹೆಸರಿನಲ್ಲಿ ಎಷ್ಟಿದೆಯೋ ಅಷ್ಟು. ಬಾರಾ ಉರ್ದು, ಗಜ ಫಾರಸಿ, ತೋಪು ತುರ್ಕಿ. ಮೊದಲು ಅದಕ್ಕೆ ಹೆಸರಿಟ್ಟು ಬನ್ನಿ.

ಬೀದರ್‌ನಿಂದ:
ಜಗಳ ಆಮೇಲೆ ಆಡಿ, ದಯವಿಟ್ಟು. ‘ಬಾಂಬರ್’, ‘ನೆಲ ಸೀಳುವ ಬಾಂಬ್’ ಎಂದು ಬರೆಸಿದ್ದೇನೆ. ಹಗೇವು ನನಗೂ ಇಷ್ಟವಾಯಿತು, ಫಲಕದಲ್ಲಿ ಜಾಗ ಇಲ್ಲ. ನತಾಂಝ್‌ಗೆ ‘ಝ’ನೋ ‘ಜ’ನೋ ಅಂತ ಪೇಂಟರ್ ಬ್ರಷ್ ಎತ್ತಿ ಹಿಡಿದು ನಿಂತಿದ್ದಾನೆ. ಬೇಗ ಹೇಳಿ, ಬಣ್ಣ ಸೋರುತ್ತಿದೆ.