ಖಾಲಿ ಹೊಟ್ಟೆಯ ವಾಕಿಂಗು: ‘ನಮ್ಮನೆ ಮಂದಿ’ ಗುಂಪಿನಲ್ಲಿ ಒಂದು ಬೆಳಗು

ದೊಡ್ಡಪ್ಪ, 6:08
ಫಾರ್ವರ್ಡ್ ಬಂದದ್ದು, ಎಲ್ಲರೂ ಓದಿ:
“ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ, ಒಂದು ಹನಿ ನೀರೂ ಕುಡಿಯದೆ ಒಂದು ಗಂಟೆ ಬಿರುಸಾಗಿ ನಡೆಯಿರಿ. ದೇಹ ಬರೀ ಕೊಬ್ಬನ್ನೇ ಉರಿಸುತ್ತದೆ. ಎರಡು ತಿಂಗಳಲ್ಲಿ ಹೊಟ್ಟೆ ಮಾಯ. ಶುಗರ್ ಮಾತ್ರೆಯೂ ಬೇಡ. ಹತ್ತು ಜನರಿಗೆ ಕಳಿಸಿ.”
ನಾಳೆಯಿಂದ ಶುರು ಮಾಡುವ ಅಂತಿದ್ದೇನೆ.

ಸಾಗರ ಭಾವ, 6:15
ನೀರು ಕುಡಿಯಬೇಡಿ, ಮಾತ್ರೆ ಬೇಡ ಅನ್ನೋದು ಬಿಟ್ರೆ ಉಳಿದದ್ದರಲ್ಲಿ ಸ್ವಲ್ಪ ಹುರುಳಿದೆ ಮಾವ. ರಾತ್ರಿ ಎಂಟೂವರೆಗೆ ಉಂಡು ಬೆಳಿಗ್ಗೆ ಆರಕ್ಕೆ ಎದ್ದರೆ ರಕ್ತದಲ್ಲಿ ಇನ್ಸುಲಿನ್ ಇಳಿದಿರ್ತದೆ. ಅದು ಇಳಿದಾಗಲೇ ಮೈಯಲ್ಲಿ ಕೂಡಿಟ್ಟ ಕೊಬ್ಬು ಸಲೀಸಾಗಿ ಹೊರಗೆ ಬರೋದು. ಆ ಹೊತ್ತಿನ ನಡಿಗೆಗೆ ಕೊಬ್ಬು ಹೆಚ್ಚು ಖರ್ಚಾಗ್ತದೆ ಅನ್ನೋದು ಸುಳ್ಳಲ್ಲ. ಮಾತಾಡ್ತಾ ನಡೆಯುವಷ್ಟು ವೇಗದಲ್ಲಿ ಮುಕ್ಕಾಲು ಗಂಟೆ ನಡೆದರೆ ಆರೋಗ್ಯ ಸರಿ ಇದ್ದವರಿಗೆ ಎಂತದೂ ಆಗೋದಿಲ್ಲ.

ಶಿವಮೊಗ್ಗ ಅತ್ತಿಗೆ, 6:21
ದೊಡ್ಡ ಮಾವ, ನಾಳೆ ಶುರು ಮಾಡಬೇಡಿ. ಮೊದಲು ಇಷ್ಟು ಹೇಳಿ. ಶುಗರಿಗೆ ಯಾವ ಮಾತ್ರೆ? ಎಷ್ಟು ಹೊತ್ತಿಗೆ ತಗೊಳ್ತೀರಿ?

ದೊಡ್ಡಪ್ಪ, 6:24
ಗ್ಲಿಮಿಪಿರೈಡ್ 1, ಮೆಟ್‌ಫಾರ್ಮಿನ್ 500, ಎರಡೂ ಸೇರಿದ ಒಂದೇ ಮಾತ್ರೆ. ಎದ್ದ ಕೂಡಲೇ ನುಂಗುವುದು. ಆಮೇಲೆ ಅಂದ್ರೆ ಮರೆತುಹೋಗ್ತದೆ.

ಶಿವಮೊಗ್ಗ ಅತ್ತಿಗೆ, 6:35
ಇಲ್ಲೇ ಇರೋದು ಅಪಾಯ. ಮೆಟ್‌ಫಾರ್ಮಿನ್ ಒಂದೇ ಆಗಿದ್ರೆ ಶುಗರ್ ಕೆಳಗೆ ಬೀಳುವ ಭಯ ತೀರ ಕಡಿಮೆ. ಗ್ಲಿಮಿಪಿರೈಡ್ ಹಾಗಲ್ಲ. ಅದು ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸ್ತದೆ, ಹೊಟ್ಟೇಲಿ ಅನ್ನ ಇದೆಯೋ ಇಲ್ವೋ ಅಂತ ಕಾಯೋದಿಲ್ಲ. ನಿಮ್ಮ ಬೆಳಗಿನ ಲೆಕ್ಕ ನೋಡಿ: ಆರಕ್ಕೆ ಮಾತ್ರೆ, ಆರೂಕಾಲಿಗೆ ಹೊರಟು ಏಳೂಕಾಲಿಗೆ ವಾಪಸ್, ಆಮೇಲೆ ಸ್ನಾನ, ಪೂಜೆ, ತಿಂಡಿ ಒಂಬತ್ತಕ್ಕೆ. ಮೂರು ಗಂಟೆ ಹೊಟ್ಟೆಗೆ ಏನೂ ಇಲ್ಲದೆ ಮಾತ್ರೆ ಒಂದು ಕಡೆಯಿಂದ ಎಳೀತದೆ, ನಡೆಯುವ ಕಾಲಿನ ಸ್ನಾಯು ಇನ್ನೊಂದು ಕಡೆಯಿಂದ. ಸ್ನಾಯು ದುಡಿಯುವಾಗ ಇನ್ಸುಲಿನ್ ಇಲ್ಲದೆಯೂ ಸಕ್ಕರೆ ಎಳ್ಕೊಳ್ತದೆ. ಶುಗರ್ 70ಕ್ಕಿಂತ ಕೆಳಗಿಳಿದ್ರೆ ಕೈ ನಡುಕ, ತಣ್ಣನೆ ಬೆವರು, ಹಸಿವು, ಮಾತು ತೊದಲೋದು. ಒಬ್ಬರೇ ತೋಟದ ದಾರೀಲಿ ಇದ್ರೆ ಯಾರಿಗೆ ಗೊತ್ತಾಗ್ತದೆ?

ಗ್ಲಿಮಿಪಿರೈಡ್ ತಿಂಡಿಯ ಜೊತೆಗೇ ತಗೊಳ್ಳುವ ಮಾತ್ರೆ. ತಟ್ಟೆ ಮುಂದೆ ಬಂದ ಮೇಲೆ ನುಂಗಿ. ಮರೆಯುವ ಭಯ ಇದ್ರೆ ಮಾತ್ರೆ ಡಬ್ಬ ಊಟದ ಮೇಜಿನ ಮೇಲೇ ಇರಲಿ.

ಪುಟ್ಟು, 6:38
ಹಾಗಾದ್ರೆ ದೊಡ್ಡಪ್ಪ ನಡೆಯೋದೇ ಬೇಡ್ವಾ ಅತ್ತಿಗೆ?

ಶಿವಮೊಗ್ಗ ಅತ್ತಿಗೆ, 6:47
ನಡೀಲೇಬೇಕು. ಕ್ರಮ ಬದಲಾಗಬೇಕು ಅಷ್ಟೆ. ಹೊರಡುವ ಮೊದಲು ಬೆರಳು ಚುಚ್ಚಿ ನೋಡಿ. 90ಕ್ಕಿಂತ ಕಡಿಮೆ ಇದ್ರೆ ಒಂದೂವರೆ ಪುಟ್ಟಬಾಳೆ ತಿಂದು ಹೊರಡಿ, ಅದರಲ್ಲಿ 15 ಗ್ರಾಂ ಹತ್ತಿರ ಪಿಷ್ಟ, ಸಕ್ಕರೆ ಸಿಗ್ತದೆ. 90ರ ಮೇಲಿದ್ರೆ ಹಾಗೇ ಹೋಗಬಹುದು, ಆದರೆ ಅರ್ಧ ಗಂಟೆ ಸಾಕು. 250 ದಾಟಿದ್ದು, ಜೊತೆಗೆ ಬಾಯಾರಿಕೆ, ವಾಕರಿಕೆ, ಸುಸ್ತು ಇದ್ರೆ ಅವತ್ತು ವ್ಯಾಯಾಮ ಬೇಡ, ಡಾಕ್ಟರಿಗೆ ಫೋನ್ ಮಾಡಿ.

ಅದಕ್ಕಿಂತ ನಿಮಗೆ ಹೆಚ್ಚು ಫಲ ಕೊಡೋದು ಊಟದ ನಂತರದ ನಡಿಗೆ. ತಿಂಡಿ, ಮಧ್ಯಾಹ್ನ, ರಾತ್ರಿ, ಮೂರೂ ಹೊತ್ತು ಕೈ ತೊಳೆದ ಮೇಲೆ ಹತ್ತು ಹದಿನೈದು ನಿಮಿಷ ನಿಧಾನಕ್ಕೆ ನಡೀರಿ. ಅನ್ನದ ಸಕ್ಕರೆ ರಕ್ತಕ್ಕೆ ಬರುವ ಹೊತ್ತಿಗೇ ಸ್ನಾಯು ಅದನ್ನ ಎಳ್ಕೊಳ್ತದೆ. ಅಂಗಳದಲ್ಲಿ ಅಡಿಕೆ ಹರವಿದ್ರೆ ಜಗುಲಿ ಉದ್ದಕ್ಕೂ ನಡೆದ್ರೂ ಸೈ.

“ಮಾತ್ರೆ ಬೇಡ” ಅನ್ನೋ ಸಾಲು ಮಾತ್ರ ದಯವಿಟ್ಟು ಮತ್ತೊಬ್ಬರಿಗೆ ಕಳಿಸಬೇಡಿ.

ಸಾಗರ ಭಾವ, 6:52
ಮಾತ್ರೆ ವಿಷಯ ನಾನು ಒಪ್ಪಿದೆ ತಂಗಿ, ಅದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಆದರೆ ಔಷಧಿ ಇಲ್ಲದವರಿಗೂ ಬೇಡ ಅಂತ ಹೇಳಬೇಡಿ. ಕೊಬ್ಬು ಹೆಚ್ಚು ಕರಗೋದು ನಿಜವೇ ಅಲ್ದಾ?

ಶಿವಮೊಗ್ಗ ಅತ್ತಿಗೆ, 7:01
ಅಣ್ಣಾ, ಗ್ರಾಂ ಲೆಕ್ಕದಲ್ಲೇ ನೋಡುವ. 70 ಕೆಜಿಯವರು ಮುಕ್ಕಾಲು ಗಂಟೆ ಬಿರುಸಾಗಿ ನಡೆದ್ರೆ ಸುಮಾರು 200 ಕ್ಯಾಲರಿ. ತಿಂದು ನಡೆದವರಿಗೆ ಅದರಲ್ಲಿ ಅರ್ಧ ಕೊಬ್ಬಿನಿಂದ ಅಂತಿಟ್ಕೊಳ್ಳಿ, 100 ಕ್ಯಾಲರಿ. ಗ್ರಾಂಗೆ 9ರಂತೆ 11 ಗ್ರಾಂ. ಖಾಲಿ ಹೊಟ್ಟೆಯವರಿಗೆ ಮೂರರಲ್ಲಿ ಎರಡು ಪಾಲು ಅಂತ ಧಾರಾಳವಾಗಿ ಹಿಡಿದ್ರೂ 15 ಗ್ರಾಂ. ವ್ಯತ್ಯಾಸ ನಾಲ್ಕು ಗ್ರಾಂ. ದೋಸೆ ಮೇಲೆ ಹಾಕುವ ಒಂದು ಚಮಚ ತುಪ್ಪದಷ್ಟೂ ಇಲ್ಲ. ಅದೂ ಆ ಹೊತ್ತಿನ ಲೆಕ್ಕ ಮಾತ್ರ. ಬೆಳಿಗ್ಗೆ ಕೊಬ್ಬು ಹೆಚ್ಚು ಉರಿಸಿದ ದೇಹ ಮಧ್ಯಾಹ್ನದ ಮೇಲೆ ಸಕ್ಕರೆ ಹೆಚ್ಚು ಉರಿಸಿ ಸರಿದೂಗಿಸ್ಕೊಳ್ತದೆ.

2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. 20 ಯುವತಿಯರು, ನಾಲ್ಕು ವಾರ, ವಾರಕ್ಕೆ ಮೂರು ದಿನ ಒಂದೊಂದು ಗಂಟೆ ವ್ಯಾಯಾಮ. ಒಂದು ಗುಂಪು ಖಾಲಿ ಹೊಟ್ಟೆಯಲ್ಲಿ, ಇನ್ನೊಂದು ತಿಂದು. ಎರಡೂ ಗುಂಪಿಗೆ ಊಟ ಒಂದೇ ಅಳತೆಯಲ್ಲಿ ಕಡಿಮೆ. ತೂಕ ಎರಡರಲ್ಲೂ ಇಳೀತು, ಇವರಿಗೆ ಹೆಚ್ಚು ಅವರಿಗೆ ಕಮ್ಮಿ ಅಂತ ಆಗಲಿಲ್ಲ. ಸಣ್ಣ ಅಧ್ಯಯನ ಹೌದು, ಆದರೆ “ಎರಡು ತಿಂಗಳಲ್ಲಿ ಹೊಟ್ಟೆ ಮಾಯ” ಅನ್ನೋದಕ್ಕೆ ಅಷ್ಟೂ ಆಧಾರ ಇಲ್ಲ.

ಸಾಗರ ಭಾವ, 7:06
ಸರಿ, ಕೊಬ್ಬಿನ ಮಾತು ಬಿಟ್ಟೆ. ಆದರೂ ಒಂದು ಮಾತು ಬಿಡೋದಿಲ್ಲ. ತಿಂಡಿ ತಿಂದು ಎರಡು ಗಂಟೆ ಕಾದು ಆಮೇಲೆ ವ್ಯಾಯಾಮ ಮಾಡಿ ಅಂದ್ರೆ ನೂರರಲ್ಲಿ ತೊಂಬತ್ತು ಜನ ಮಾಡೋದೇ ಇಲ್ಲ. ಎಂಟಕ್ಕೆ ಬಸ್ಸು, ಶಾಲೆ, ಹಾಲು ಕರೆಯೋದು, ತೋಟದ ಕೆಲಸ. ಖಾಲಿ ಹೊಟ್ಟೆಯ ದೊಡ್ಡ ಗುಣ ಕೊಬ್ಬಲ್ಲ, ದಿನಾ ನಡೀತದೆ ಅನ್ನೋದು. ಮೂರು ಅಕ್ಕಿರೊಟ್ಟಿ ತಿಂದು ಅರ್ಧ ಗಂಟೆಗೆ ಓಡಿದ್ರೆ ಪಕ್ಕೆ ಹಿಡೀತದೆ, ಹುಳಿತೇಗು ಬರ್ತದೆ. ಅದೂ ನೋಡಬೇಕಲ್ಲ.

ಹೊಸನಗರ ಚಿಕ್ಕಮ್ಮ, 7:09
ಅಳಿಯಂದ್ರು ಹೇಳಿದ್ದು ಸರಿ. ಯೋಗಾಸನ ಖಾಲಿ ಹೊಟ್ಟೆಯಲ್ಲಿ ಅಂತ ಹೇಳೋದೂ ಅದಕ್ಕೇ, ಕೊಬ್ಬಿಗಲ್ಲ. ಸೂರ್ಯನಮಸ್ಕಾರದಲ್ಲಿ ಬಗ್ಗಿದಾಗೆಲ್ಲ ಹೊಟ್ಟೆ ಒತ್ತಿಹೋಗ್ತದೆ, ಕಪಾಲಭಾತಿಯಲ್ಲಿ ಒಳಗೆ ಎಳೀತೇವೆ. ತುಂಬಿದ ಹೊಟ್ಟೆ ಆದ್ರೆ ಉಂಡದ್ದು ಗಂಟಲಿಗೆ. ಆಯುರ್ವೇದವೂ ಅಜೀರ್ಣ ಇದ್ದವರಿಗೆ ವ್ಯಾಯಾಮ ಬೇಡ ಅನ್ನುತ್ತದೆ. ಬಲ ಇದ್ದವರೂ ಅರ್ಧಶಕ್ತಿಯಷ್ಟೇ ಮಾಡಬೇಕು. ಹಣೆ, ಮೂಗು, ಸಂದುಗಳಲ್ಲಿ ಬೆವರು ಮೂಡಿ ಬಾಯಿ ಒಣಗಲು ಶುರುವಾದ್ರೆ ಅರ್ಧ ಮುಗೀತು ಅಂತ ಲೆಕ್ಕ.

ಹೊಸನಗರ ಚಿಕ್ಕಮ್ಮ, 7:10
ಥೈರಾಯ್ಡ್ ಮಾತ್ರೆಯವರ ಕತೆ ಎಂತದೇ? ನಮ್ಮ ಯೋಗದ ಕ್ಲಾಸಲ್ಲಿ ನಾಲ್ಕು ಜನ ಇದ್ದಾರೆ.

ಶಿವಮೊಗ್ಗ ಅತ್ತಿಗೆ, 7:14
ಅವರಿಗೆ ಖಾಲಿ ಹೊಟ್ಟೆ ಅನುಕೂಲವೇ ಚಿಕ್ಕಮ್ಮ. ಥೈರಾಕ್ಸಿನ್ ಬರೀ ನೀರಲ್ಲಿ ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ತಿನ್ನಬಾರದು, ಕಾಫಿಯೂ ಸೇರಿ. ಕಾಫಿ ಆ ಮಾತ್ರೆ ಹೀರ್ಕೊಳ್ಳೋದನ್ನ ಕಡಿಮೆ ಮಾಡ್ತದೆ. ಆ ಬಿಡುವಲ್ಲೇ ಆಸನ ಮುಗಿಸಬಹುದು.

ಪುಟ್ಟು, 7:18
ನನ್ನ ಪ್ರಶ್ನೆ ಬೇರೆ. ನೆಹರೂ ಸ್ಟೇಡಿಯಮ್ಮಲ್ಲಿ 400 ಮೀಟರ್ ಎಂಟು ಸಲ ಜೋರಾಗಿ ಓಡೋದಾದ್ರೆ? ಅದೂ ಖಾಲಿ ಹೊಟ್ಟೇಲಿ ಮಾಡಬಹುದಾ? ಸ್ನಾಯುವಲ್ಲಿ ಸಕ್ಕರೆ ಹೇಗೂ ಇರ್ತದಲ್ಲ.

ಸಾಗರ ಭಾವ, 7:29
ಇದನ್ನ ಸರಿಯಾಗಿ ತಿಳ್ಕೊಳೋ. ದಾಸ್ತಾನು ಎರಡು. ಸ್ನಾಯುವಿನಲ್ಲಿ 300ರಿಂದ 500 ಗ್ರಾಂ, ಪಿತ್ತಜನಕಾಂಗದಲ್ಲಿ ಊಟ ಆದ ಮೇಲೆ 100 ಗ್ರಾಂ ಆಸುಪಾಸು. ಮಲಗಿದಾಗ ಸ್ನಾಯುವಿನದ್ದು ಹೆಚ್ಚುಕಮ್ಮಿ ಹಾಗೇ ಇರ್ತದೆ. ಮಿದುಳಿಗೆ ಗಂಟೆಗೆ 5 ಗ್ರಾಂ ಗ್ಲೂಕೋಸ್ ಬೇಕು, ಅದನ್ನ ರಾತ್ರಿ ಇಡೀ ಕೊಡೋದು ಪಿತ್ತಜನಕಾಂಗ. ಬೆಳಿಗ್ಗೆಗೆ ಅದು ಅರ್ಧಕ್ಕೆ ಇಳಿದಿರ್ತದೆ. ಸ್ನಾಯುವಿನದ್ದನ್ನ ರಕ್ತಕ್ಕೆ ಬಿಡಲು ಬೇಕಾದ ಕಿಣ್ವ ಸ್ನಾಯುವಲ್ಲಿ ಇಲ್ಲ, ತನ್ನ ಪಾಲು ತಾನೇ ಖರ್ಚು ಮಾಡಬೇಕು. ಹಾಗಾಗಿ ಕಾಲಿಗೆ ಇಂಧನ ಇದ್ರೂ ತಲೆಗೆ ಬರುವ ಪೂರೈಕೆ ತೆಳ್ಳಗಾಗಿರ್ತದೆ. ಜೋರು ಓಟಕ್ಕೆ ಕೊಬ್ಬು ಸಾಕಾಗೋದಿಲ್ಲ, ಅದು ನಿಧಾನಕ್ಕೆ ಉರಿಯುವ ಕಟ್ಟಿಗೆ. ಮೊದಲ ಸುತ್ತು 80 ಸೆಕೆಂಡಿಗೆ ಮುಗಿಸಿದವ ಆರನೇದಕ್ಕೆ 90 ತಗೊಂಡ್ರೆ ಆ ದಿನದ ಅಭ್ಯಾಸ ಹಾಳು. ಹಗುರ ಓಟ ಖಾಲಿ ಹೊಟ್ಟೇಲಿ ಮಾಡು, ಜೋರು ಓಟಕ್ಕೆ ತಿಂದು ಹೋಗು.

ಹೊತ್ತೂ ನೋಡ್ಕೋ. ಸಿಹಿ ತಿಂದು ಮುಕ್ಕಾಲು ಗಂಟೆಗೆ ಓಟ ಶುರು ಮಾಡಿದ್ರೆ ಕೆಲವರಿಗೆ ಇನ್ಸುಲಿನ್ ಏರಿದ ಹೊತ್ತಿಗೇ ಸ್ನಾಯುವೂ ಸಕ್ಕರೆ ಎಳೆದು ಮೊದಲ ಹತ್ತು ನಿಮಿಷ ಕಾಲು ಸೋತ ಹಾಗಾಗ್ತದೆ. ಅಂಥವರು ಬಾಳೆಹಣ್ಣನ್ನ ಮೈ ಬಿಸಿ ಮಾಡ್ಕೊಳ್ಳುವಾಗಲೇ ತಿನ್ನಬೇಕು. ಇಲ್ಲಾ ಒಂದೂವರೆ ಗಂಟೆ ಮೊದಲು ಎರಡು ಇಡ್ಲಿಯೋ ಒಂದು ಬಟ್ಟಲು ಗಂಜಿಯೋ.

ಶಿವಮೊಗ್ಗ ಅತ್ತಿಗೆ, 7:33
ಇಷ್ಟು ಗೊತ್ತಿದ್ದೂ ಶಾಲೆ ಮಕ್ಕಳನ್ನ ಬೆಳಿಗ್ಗೆ ಖಾಲಿ ಹೊಟ್ಟೇಲಿ ಮೈದಾನಕ್ಕೆ ಇಳಿಸ್ತಾರಲ್ಲ ಅಣ್ಣಾ? ಪ್ರಾರ್ಥನೆ ಸಾಲಲ್ಲಿ ಮಕ್ಕಳು ಬೀಳೋದು ಅದಕ್ಕೇ.

ಸಾಗರ ಭಾವ, 7:40
ಅಲ್ಲ ತಂಗಿ, ಇಲ್ಲಿ ನೀವು ತಪ್ಪಿದ್ರಿ. ಸಾಲಲ್ಲಿ ಬೀಳುವ ಮಕ್ಕಳಲ್ಲಿ ಹೆಚ್ಚಿನವರಿಗೆ ಶುಗರ್ ಇಳಿದಿರೋದಿಲ್ಲ. ಮಂಡಿ ಬಿಗಿದು ಅಲ್ಲಾಡದೆ ನಿಂತ್ರೆ ರಕ್ತ ಕಾಲಲ್ಲೇ ನಿಲ್ತದೆ, ಮಿದುಳಿಗೆ ಏರೋದಿಲ್ಲ. ಮಲಗಿಸಿ ಕಾಲು ಎತ್ತಿದ್ರೆ ಒಂದು ನಿಮಿಷದಲ್ಲಿ ಕಣ್ಣು ಬಿಡ್ತಾರೆ, ಸಕ್ಕರೆ ಇಳಿದಿದ್ರೆ ಅಷ್ಟು ಬೇಗ ಏಳ್ತಿರಲಿಲ್ಲ. ಓಟ ಮುಗಿಸಿ ಗಕ್ಕನೆ ನಿಂತವರು ತಲೆ ಸುತ್ತಿ ಕೂರೋದೂ ಇದೇ ಕಾರಣಕ್ಕೆ. ಐದು ನಿಮಿಷ ನಿಧಾನ ನಡೆದು ನಿಲ್ಲಬೇಕು.

ಶಿವಮೊಗ್ಗ ಅತ್ತಿಗೆ, 7:44
ಮಂಡಿ ವಿಷಯ ಒಪ್ಪಿದೆ. ಆದರೆ ನೀರೂ ಕುಡಿಯದೆ, ತಿಂಡಿಯೂ ಇಲ್ಲದೆ ಬಂದ ಮಗುವಿಗೆ ಅದೇ ನಿಲುವು ಬೇಗ ತಾಗ್ತದೆ. ರಾತ್ರಿ ಇಡೀ ಉಸಿರಲ್ಲಿ, ಮೂತ್ರದಲ್ಲಿ ನೀರು ಹೋಗಿರ್ತದೆ. ಫಾರ್ವರ್ಡಿನ “ಒಂದು ಹನಿ ನೀರೂ ಕುಡಿಯದೆ” ಅನ್ನೋದು ನನಗೆ ಸಿಟ್ಟು ತರಿಸೋದು ಅದಕ್ಕೇ. ಹೊರಡುವ ಕಾಲು ಗಂಟೆ ಮೊದಲು ಒಂದು ದೊಡ್ಡ ಲೋಟ, 250ರಿಂದ 300 ಮಿಲಿ, ಉಗುರುಬೆಚ್ಚಗಿದ್ರೆ ಈ ಚಳಿಗೆ ಹಿತ. ಬಿಪಿಗೆ ಮೂತ್ರ ಹೋಗಿಸುವ ಮಾತ್ರೆ ತಗೊಳ್ಳುವವರಿಗಂತೂ ಬೇಕೇ ಬೇಕು. ಹೃದಯಕ್ಕೋ ಕಿಡ್ನಿಗೋ ನೀರಿನ ಮಿತಿ ಹೇಳಿದವರು ಮಾತ್ರ ಆ ಮಿತಿಯಲ್ಲೇ ಇರಲಿ.

ದೊಡ್ಡಪ್ಪ, 7:49
ನನಗೆ ಬಿಪಿ ಮಾತ್ರೆ ಮೆಟೊಪ್ರೊಲಾಲ್ ಕೂಡ ಇದೆ. ಅದಕ್ಕೆಂತ?

ಶಿವಮೊಗ್ಗ ಅತ್ತಿಗೆ, 7:55
ಅದು ಎದೆ ಡವಗುಟ್ಟೋದನ್ನ, ಕೈ ನಡುಕವನ್ನ ಮುಚ್ಚಿಬಿಡ್ತದೆ. ಶುಗರ್ ಇಳಿದ್ರೆ ನಿಮಗೆ ಗೊತ್ತಾಗುವ ಗುರುತು ಮುಖ್ಯವಾಗಿ ಬೆವರು. ಚಳಿಯಲ್ಲಿ ಸುಮ್ಮನೆ ಬೆವರಿದ್ರೆ ವಾಕಿಂಗಿನ ಬೆವರು ಅಂತ ಬಿಡಬೇಡಿ, ಕೂತು ಬೆರಳು ಚುಚ್ಚಿ ನೋಡಿ. ಮೀಟರ್ ಇಲ್ಲದಿದ್ರೆ ಶುಗರ್ ಇಳಿದಿದೆ ಅಂತಲೇ ತಿಳ್ಕೊಂಡು ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡೀರಿ. 15 ನಿಮಿಷ ಬಿಟ್ಟು ಸರಿಹೋಗದಿದ್ರೆ ಮತ್ತೆ ಅಷ್ಟೇ. ಆಮೇಲೆ ತಿಂಡಿ. ಚಾಕೊಲೇಟು, ಬಿಸ್ಕತ್ತು ಬೇಡ, ಅದರ ಕೊಬ್ಬು ಸಕ್ಕರೆಯನ್ನ ತಡೆದು ನಿಲ್ಲಿಸ್ತದೆ. ಎದೆ ಹಿಡಿದ ಹಾಗೆ, ಒತ್ತಿದ ಹಾಗೆ ಇದ್ರೆ ಸಕ್ಕರೆ ನೀರು ಕುಡೀತಾ ಕಾಯೋದಲ್ಲ, 108ಕ್ಕೆ ಫೋನ್.

ಇನ್ನೊಂದು, ಇದು ಎಲ್ಲರಿಗೂ: ಶುಗರ್ ಮಾತ್ರೆ ಚೀಟಿಯಲ್ಲಿ ವಾಗ್ಲಿಬೋಸ್ ಅಂತ ಇದ್ರೆ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡೋದಿಲ್ಲ. ಕರುಳಲ್ಲಿ ಸಕ್ಕರೆ ಒಡೆಯೋದನ್ನೇ ಅದು ತಡೆಯೋದು. ಅಂಥವರು ಗ್ಲೂಕೋಸ್ ಪುಡಿಯನ್ನೇ ಜೇಬಲ್ಲಿ ಇಟ್ಕೊಳ್ಳಬೇಕು.

ಹೊಸನಗರ ಚಿಕ್ಕಮ್ಮ, 7:58
ಪುಟ್ಟುವಿನ ದೊಡ್ಡಪ್ಪನಿಗೆ ಬೆಳಿಗ್ಗೆ ಆರರ ಚಳಿಯೂ ಬೇಡ. ರಕ್ತನಾಳ ಬಿಗಿದು ಬಿಪಿ ಏರ್ತದೆ. ಮಂಜು ಕರಗಿ ಬಿಸಿಲು ಬಂದ ಮೇಲೆ ಹೊರಡಲಿ. ತೋಟದಾಚೆ ಕಾಡಿನ ದಾರಿಗೆ ಹೋಗೋದೂ ಬೇಡ, ಡಿಸೆಂಬರ್‌ನಿಂದ ಮೇವರೆಗೆ ಉಣುಗು (ಉಣ್ಣೆ ಹುಳ) ಹತ್ತುವ ಕಾಲ. ಅದು ಕಚ್ಚಿ ಬರುವ ಮಂಗನ ಕಾಯಿಲೆ ಮೊದಲು ಕಂಡದ್ದೇ 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ.

ಪುಟ್ಟು, 8:03
ಭಾನುವಾರದ ಕುಂದಾದ್ರಿ? ಆರಕ್ಕೆ ಹತ್ತೋದು ಅಂತ ಮಾತಾಗಿತ್ತು. ಅದೂ ಖಾಲಿ ಹೊಟ್ಟೇಲಾ?

ಸಾಗರ ಭಾವ, 8:11
ಏರು ದಾರಿ, ಹೋಗಿ ಬರಲು ಎರಡು ಮೂರು ಗಂಟೆ, ಖಾಲಿ ಹೊಟ್ಟೆ ಬೇಡವೇ ಬೇಡ. ಒಂದು ಗಂಟೆ ಮೊದಲು ಕೆಜಿ ತೂಕಕ್ಕೆ ಒಂದು ಗ್ರಾಂ ಪಿಷ್ಟ. 60 ಕೆಜಿಯವರಿಗೆ ಒಣ ತೂಕದಲ್ಲಿ 80 ಗ್ರಾಂ ಅವಲಕ್ಕಿ ಸರಿಹೋಗ್ತದೆ. ಕಾಯಿತುರಿ ಕಡಿಮೆ ಹಾಕಿ, ಕೊಬ್ಬು ಹೆಚ್ಚಾದ್ರೆ ಹೊಟ್ಟೇಲೇ ನಿಲ್ತದೆ. ದಾರಿಗೆ ತಲೆಗೆ ಮೂರು ಪುಟ್ಟಬಾಳೆ, ಒಂದು ಲೀಟರ್ ನೀರು. ಅಷ್ಟು ಬೇಗ ಏನೂ ಇಳಿಯೋದಿಲ್ಲ ಅನ್ನುವವರು ಸಕ್ಕರೆ ಹಾಕಿದ ಒಂದು ಲೋಟ ಕಾಫಿ, ಒಂದು ಬಾಳೆಹಣ್ಣು ತಗೊಂಡು ಹೊರಟು ಅರ್ಧ ದಾರೀಲಿ ಉಳಿದದ್ದು ತಿನ್ನಲಿ.

ಶಿವಮೊಗ್ಗ ಅತ್ತಿಗೆ, 8:14
ದೊಡ್ಡ ಮಾವ ಬರೋದಾದ್ರೆ ಆ ದಿನದ ಮಾತ್ರೆ ಅಳತೆ ಶುಕ್ರವಾರವೇ ಡಾಕ್ಟರ್ ಹತ್ತಿರ ಕೇಳಿ. ಮೀಟರ್, ಗ್ಲೂಕೋಸ್ ಪುಡಿ ನನ್ನ ಚೀಲದಲ್ಲಿರ್ತದೆ. ರಾತ್ರಿ ಮಲಗುವ ಮೊದಲೂ ಒಮ್ಮೆ ನೋಡಬೇಕು, ದಣಿದ ಸ್ನಾಯು ರಾತ್ರಿ ಇಡೀ ಸಕ್ಕರೆ ಎಳೀತಿರ್ತದೆ.

ದೊಡ್ಡಪ್ಪ, 8:20
ಬರ್ತೇನೆ. ಆ ಫಾರ್ವರ್ಡ್ ಇನ್ನೆರಡು ಗುಂಪಿಗೂ ಹಾಕಿದ್ದೆ, ಅಳಿಸಿದ್ದೇನೆ. ಇವತ್ತಿನ ಮಾತ್ರೆ ಇನ್ನೂ ನುಂಗಿಲ್ಲ, ಕಡುಬು ಬೇಯ್ತಾ ಇದೆ.

ಹೊಸನಗರ ಚಿಕ್ಕಮ್ಮ, 8:22
ಅವಲಕ್ಕಿ ನಾನು ತರ್ತೇನೆ. ಎಷ್ಟು ಜನ ಅಂತ ಶನಿವಾರ ಸಂಜೆ ಒಳಗೆ ಹೇಳಿ.