ನಾಲ್ಕು ಜನ ಸೇರಿ ಪ್ರಪೋಸಲ್ ಬರೆಯುವುದು ಹೇಗೆ?

ದುರ್ಗದ ಹುಡುಗಿ:
ನಮ್ಮದು ಚಿತ್ರದುರ್ಗದ ಸಣ್ಣ ಸಂಸ್ಥೆ. ಕೆರೆ ಹೂಳೆತ್ತಿಸುವ ಕೆಲಸ. ಒಂದು ಕಂಪನಿಯ ಸಿಎಸ್‌ಆರ್ ಹಣ (ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡುವ ಹಣ) ಕೇಳುವ ಪ್ರಪೋಸಲ್ ಅನ್ನು ಗೂಗಲ್ ಡಾಕ್ಸ್‌ನಲ್ಲಿ ನಾಲ್ಕು ಜನ ಒಂದೊಂದು ಭಾಗ ಬರೆದೆವು. ಕಳಿಸಿದ ಮೇಲೆ ನೋಡಿದರೆ ಬರಹದಲ್ಲಿ ಮೂರು ಕೆರೆ, ಬಜೆಟ್‌ನಲ್ಲಿ ಎರಡೇ ಕೆರೆಗೆ ಜೆಸಿಬಿ ಬಾಡಿಗೆ! ವಾಪಸ್ ಬಂತು. ಅದಕ್ಕಿಂತ ಬೇಜಾರು ಅಂದ್ರೆ, ಮೊಳಕಾಲ್ಮೂರು ಕಡೆ ವರ್ಷಗಟ್ಟಲೆ ಊರೂರು ತಿರುಗಿದ ನಮ್ಮ ಫೀಲ್ಡ್‌ನವರು ಇಂಗ್ಲಿಷ್ ಬರಲ್ಲ ಅಂತ ಒಂದು ಸಾಲೂ ಬರೆಯಲಿಲ್ಲ. ಅವರಿಗೆ ಗೊತ್ತಿರುವಷ್ಟು ನಮಗೆ ಯಾರಿಗೂ ಗೊತ್ತಿಲ್ಲ. ನೀವು ಕೆಲಸ ಹೇಗೆ ಹಂಚಿಕೊಳ್ಳುತ್ತೀರಿ?

ಜಗಳೂರಿನವ:
ಬರೆಯುವ ಕೈ ಒಂದೇ ಇರಲಿ, ಮಾತಾಡುವ ಬಾಯಿ ಎಲ್ಲರದ್ದೂ ಇರಲಿ. ನಾವು ಮೊದಲು ಫೀಲ್ಡ್‌ನವರನ್ನು ಕೂರಿಸಿಕೊಂಡು ಕನ್ನಡದಲ್ಲೇ ಮಾತಾಡಿಸಿ ಫೋನ್‌ನಲ್ಲಿ ರೆಕಾರ್ಡ್ ಮಾಡುತ್ತೇವೆ. ಒಂದು ಸಲ ನಾನು "ಅಂತರ್ಜಲ ಹೆಚ್ಚುತ್ತದೆ" ಅಂತ ಸುಮ್ನೆ ಬರೆದು ಮುಗಿಸಿದ್ದೆ. ಅವರು ಹೇಳಿದ್ದೇ ಬೇರೆ: ಜೆಸಿಬಿ ಖರ್ಚು ನೀವು ಕೊಟ್ಟರೆ ಸಾಕು, ಗೋಡನ್ನು (ಕೆರೆಯ ಹೂಳು ಮಣ್ಣು) ರೈತರೇ ತಮ್ಮ ಟ್ರ್ಯಾಕ್ಟರ್‌ನಲ್ಲಿ ಹೊಲಕ್ಕೆ ಹೊಡೆದುಕೊಳ್ಳುತ್ತಾರೆ, ಭೂಮಿಗೆ ಒಳ್ಳೇದಲ್ವಾ ಅಂತ. ಆ ಸಾಗಣೆ ಖರ್ಚನ್ನು ಊರಿನವರ ಪಾಲು ಅಂತ ಬಜೆಟ್‌ನಲ್ಲಿ ತೋರಿಸಿದೆವು. ಹಣ ಕೊಡುವವರು ಮೊದಲು ಕೇಳಿದ್ದು ಅದರ ಬಗ್ಗೆಯೇ.

ಲೆಕ್ಕದ ಮೇಜು, ದಾವಣಗೆರೆ:
ಅಕೌಂಟೆಂಟ್‌ನ ಕೊನೇ ದಿನ ಕರೆಯಬೇಡಿ, ದಯವಿಟ್ಟು. ಬಜೆಟ್ ಮೊದಲು, ಬರಹ ಆಮೇಲೆ. ಎಷ್ಟು ಕೆರೆ, ಎಷ್ಟು ಗಂಟೆ ಜೆಸಿಬಿ ಅಂತ ಒಂದು ಹಾಳೆಯಲ್ಲಿ ಗಟ್ಟಿಯಾದರೆ ಮೂರು-ಎರಡರ ಗೊಂದಲವೇ ಬರುವುದಿಲ್ಲ. 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನ ಕೊಡುವವರಿಗೆ ತೆರಿಗೆ ರಿಯಾಯಿತಿ) ಪತ್ರಗಳ ಅವಧಿ ನೋಡಿಕೊಳ್ಳಲು ಒಬ್ಬರನ್ನು ಇಡಿ. 2021ರ ಏಪ್ರಿಲ್‌ನಿಂದ ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗೆ ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿಯೂ ಬೇಕು.

ಇನ್ನೊಂದು, ಇದು ನನಗೆ ತುಂಬಾ ನೋವು ಕೊಡುವ ವಿಷಯ. ಆಡಳಿತ ಖರ್ಚು 5% ದಾಟಬಾರದು ಅಂತ ಹೆದರಿ ಎಷ್ಟೋ ಸಂಸ್ಥೆಗಳು ಫೀಲ್ಡ್‌ನವರ ಸಂಬಳವನ್ನೇ ಕತ್ತರಿಸುತ್ತವೆ. ಆ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸುವ ಖರ್ಚಿಗೆ. ಯೋಜನೆ ನಡೆಸುವ ಸಂಸ್ಥೆಯ ಸಿಬ್ಬಂದಿ ಖರ್ಚು ಅದರಲ್ಲಿ ಸೇರುವುದಿಲ್ಲ. ಊರೂರು ತಿರುಗುವವರ ಸಂಬಳ, ಪೆಟ್ರೋಲ್ ಪೂರ್ತಿ ಬರೆಯಿರಿ.

ದುರ್ಗದ ಹುಡುಗಿ:
ಅಯ್ಯೋ, ನಾವು ಕತ್ತರಿಸಿದ್ದೂ ಅದನ್ನೇ. ಸೋಮವಾರ ಮೊಳಕಾಲ್ಮೂರಿಗೆ ಹೊರಟಿದ್ದೇವೆ. ಬಜೆಟ್ ಹಾಳೆ ಖಾಲಿ ಇದೆ, ಅಲ್ಲೇ ಅವರ ಜೊತೆ ಕೂತು ತುಂಬುತ್ತೇವೆ.